ಕನ್ನಡದ ಖಳನಟರಿಗೆ ಪ್ರಶಸ್ತಿ ಬೇಡ, ದಾಖಲೆ ಕೊಡಿ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ ಹಾಗೂ ಸದಸ್ಯರಿಗೆ,

ಮಾನ್ಯರೇ,

ಖಳನಟ ವಜ್ರಮುನಿಯವರು ನಟಿಸಿದ ಚಿತ್ರಗಳ ಪೂರ್ಣ ಪಟ್ಟಿ ಬೇಕು ಎಂದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬಂದು ಕೇಳಿದರೆ ಅವಳನ್ನು ಎಲ್ಲಿಗೆ ಕಳಿಸಬೇಕು? ಒಂದು ಕಡೆ ಒಂದು ಸಂಖ್ಯೆ ಸಿಗುತ್ತದೆ, ಇನ್ನೊಂದು ಕಡೆ ಇನ್ನೊಂದು. ಯಾವ ವರ್ಷ, ಯಾವ ಪಾತ್ರ, ಯಾರ ನಿರ್ದೇಶನ, ಹೊಡೆದಾಟವನ್ನು ಸಂಯೋಜಿಸಿದವರು ಯಾರು ಎಂಬ ವಿವರಗಳನ್ನೆಲ್ಲ ಸೇರಿಸಿ, ಇದು ಸರಿ ಎಂದು ಹೊಣೆ ಹೊತ್ತು ಹೇಳುವ ಪಟ್ಟಿಯನ್ನು ನಾನು ಇದುವರೆಗೆ ಕಂಡಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಪ್ರೇಕ್ಷಕರನ್ನು ನಡುಗಿಸಿದ ನಟನ ವಿಷಯವೇ ಹೀಗಾದರೆ, ಅವರ ಹಿಂದೆ ಕೋಲು ಹಿಡಿದು ನಿಂತು, ನಾಯಕನಿಂದ ಮೊದಲ ಏಟು ತಿಂದು ಬೀಳುತ್ತಿದ್ದವರ ಗತಿಯೇನು?

ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಕನ್ನಡ ಚಿತ್ರಗಳಲ್ಲಿ ಹೊಡೆದವರ ಚರಿತ್ರೆ ಬೇಕಾದಷ್ಟು ಬಂದಿದೆ. ಹೊಡೆತ ತಿಂದವರ ಚರಿತ್ರೆಯನ್ನು ಬರೆಯಿಸುವ ಕೆಲಸ ನಿಮ್ಮದು ಎಂದು ನಾನು ನಂಬಿದ್ದೇನೆ. ಆ ಕೆಲಸ ಏಕೆ ಈಗಲೇ ಆಗಬೇಕು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇನೆ.

ವಜ್ರಮುನಿ 1944ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದವರು. ಸಿನಿಮಾಕ್ಕೆ ಬರುವ ಮೊದಲು ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ‘ಪ್ರಚಂಡ ರಾವಣ’ ನಾಟಕದಲ್ಲಿ ರಾವಣನಾಗಿ ಹೆಸರು ಮಾಡಿದ್ದರು. ಶಾಸ್ತ್ರಿಗಳ ತಮ್ಮ, ನಿರ್ದೇಶಕ ಪುಟ್ಟಣ್ಣ ಕಣಗಾಲ್, ವಜ್ರಮುನಿಯವರನ್ನು ‘ಸಾವಿರ ಮೆಟ್ಟಿಲು’ ಚಿತ್ರಕ್ಕೆ ಆರಿಸಿಕೊಂಡರು. ಆ ಚಿತ್ರ ಆಗ ತೆರೆ ಕಾಣಲಿಲ್ಲ. 1969ರ ‘ಮಲ್ಲಮ್ಮನ ಪವಾಡ’ದಿಂದ ಜನ ಅವರ ಮುಖವನ್ನು ಗುರುತು ಹಿಡಿದರು. ಅಲ್ಲಿಂದ ‘ಸಂಪತ್ತಿಗೆ ಸವಾಲ್’, ‘ಪ್ರೇಮದ ಕಾಣಿಕೆ’, ‘ಶಂಕರ್ ಗುರು’, ‘ಅಂತ’ ಎಂದು ಸಾಗಿ 1993ರ ‘ಆಕಸ್ಮಿಕ’ದವರೆಗೆ ನಡೆದ ದಾರಿ ಅವರದು. ‘ಆಕಸ್ಮಿಕ’ವನ್ನು ನಿರ್ದೇಶಿಸಿದ ಟಿ.ಎಸ್. ನಾಗಾಭರಣ ಅವರೇ ಮುಂದೆ ನಿಮ್ಮ ಅಕಾಡೆಮಿಯ ಮೊದಲ ಅಧ್ಯಕ್ಷರಾದರು. ವಜ್ರಮುನಿ 2006ರ ಜನವರಿ 5ರಂದು ತೀರಿಕೊಂಡರು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜಕುಮಾರ್ ಹೋದರು. ತೆರೆಯ ಮೇಲೆ ಎದುರುಬದುರು ನಿಂತ ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ಇಲ್ಲವಾದರು.

ರಾವಣನ ಪಾತ್ರದಿಂದ ಬಂದವರು ಎಂಬುದು ಸಣ್ಣ ವಿವರವಲ್ಲ, ಅವರ ಇಡೀ ವೃತ್ತಿಯ ಬೇರು ಅಲ್ಲಿದೆ. ನಮ್ಮ ನಾಟಕ ಕಂಪನಿಗಳ ರಾವಣ ಚಿಲ್ಲರೆ ದುಷ್ಟನಲ್ಲ. ಅವನು ದೊರೆ, ಪಂಡಿತ, ಶಿವಭಕ್ತ. ಅವನ ಕೇಡು ಅವನ ಅಹಂಕಾರದಿಂದ ಹುಟ್ಟುತ್ತದೆ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಸಾಹುಕಾರ ಸಿದ್ದಪ್ಪನನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದ ಆ ಪಾತ್ರವನ್ನು ಬರಿಯ ಲೋಭಿಯನ್ನಾಗಿ ಆಡಿ ಮುಗಿಸಬಹುದಿತ್ತು. ವಜ್ರಮುನಿ ಹಾಗೆ ಮಾಡಲಿಲ್ಲ. ಊರೆಲ್ಲ ತನ್ನದು ಎಂಬ ನಂಬಿಕೆ ಅವರ ನಡಿಗೆಯಲ್ಲಿತ್ತು. ಎದುರಿನವನ ಮಾತು ಮುಗಿಯುವ ತನಕ ರೆಪ್ಪೆ ಬಡಿಯದೆ ಕಾದು, ಆಮೇಲೆ ಒಂದೊಂದೇ ಅಕ್ಷರವನ್ನು ಅಗಿದು ಉಗುಳಿದಂತೆ ಮಾತಾಡುತ್ತಿದ್ದರು. ಮೈಕ್ ಇಲ್ಲದ ರಂಗದ ಮೇಲೆ ಕೊನೆಯ ಸಾಲಿಗೂ ಕೇಳಿಸಬೇಕಾದ ಕಂಠ ಅದು. ಕ್ಯಾಮೆರಾದ ಮುಂದೆ ಅದನ್ನು ಎಷ್ಟು ಇಳಿಸಬೇಕು ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರನ್ನು ‘ನಟ ಭಯಂಕರ’ ಎಂದು ಕರೆದ ಜನ ಸುಮ್ಮನೆ ಕರೆಯಲಿಲ್ಲ. ಆ ಚಿತ್ರದ ನಾಯಕ ಭದ್ರನಾಗಿ ರಾಜಕುಮಾರ್ ಅಷ್ಟು ದೊಡ್ಡವರಾಗಿ ಕಾಣುವುದಕ್ಕೆ ಎದುರಿಗಿದ್ದ ಸಿದ್ದಪ್ಪ ಅಷ್ಟು ಗಟ್ಟಿಯಾಗಿದ್ದದ್ದೂ ಕಾರಣ.

ನಾನು ಚಿತ್ರರಂಗದವನಲ್ಲ. ನನ್ನ ತಂದೆ ಮೆಜೆಸ್ಟಿಕ್ ಸುತ್ತಿನ ಚಿತ್ರಮಂದಿರವೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಕೆಳಗೆ ನೋಡುತ್ತಿದ್ದ ಅವರಿಗೆ ಯಾವ ರೀಲಿನಲ್ಲಿ ಜನ ಬೀಡಿ ಸೇದಲು ಎದ್ದು ಹೋಗುತ್ತಾರೆ, ಯಾವುದರಲ್ಲಿ ಅಲುಗಾಡುವುದಿಲ್ಲ ಎಂಬುದು ಬಾಯಿಪಾಠವಾಗಿತ್ತು. ಹಾಡು ಬಂದಾಗ ಎದ್ದು ಹೋಗುವವರು ವಜ್ರಮುನಿ ಬಂದಾಗ ಕೂತಲ್ಲೇ ಕೂತಿರುತ್ತಿದ್ದರು ಎಂದು ಅವರು ಹೇಳುತ್ತಿದ್ದರು. ಹೆಂಗಸರು ಶಾಪ ಹಾಕುತ್ತ ಹೊರಬಂದರೆ ಚಿತ್ರ ಓಡುತ್ತದೆ ಎಂಬುದು ಆ ಕೋಣೆಯವರ ಲೆಕ್ಕಾಚಾರ. ಇಂಥ ಮಾತುಗಳು ಯಾವ ಪುಸ್ತಕದಲ್ಲೂ ಇಲ್ಲ. ಹೇಳುವವರು ಹೋದ ಮೇಲೆ ಇರುವುದೂ ಇಲ್ಲ.

ಹೊಡೆದಾಟದ ವಿಷಯಕ್ಕೆ ಬರುತ್ತೇನೆ. ಸಾಮಾನ್ಯ ಪ್ರೇಕ್ಷಕನಿಗೆ ಏಟು ಕೊಡುವವನೇ ಕಾಣುತ್ತಾನೆ. ಆದರೆ ತೆರೆಯ ಮೇಲಿನ ಏಟು ಆಗುವುದು ಏಟು ತಿನ್ನುವವನ ಮೈಯಲ್ಲಿ. ನಾಯಕನ ಮುಷ್ಟಿ ಖಳನ ಕೆನ್ನೆಯನ್ನು ಮುಟ್ಟುವುದೇ ಇಲ್ಲ. ಎರಡರ ನಡುವಿನ ಅಂತರ ಕಾಣದ ಹಾಗೆ ಕ್ಯಾಮೆರಾವನ್ನು ಇಟ್ಟಿರುತ್ತಾರೆ. ಮುಷ್ಟಿ ಹಾದುಹೋಗುವ ಕ್ಷಣಕ್ಕೆ ಸರಿಯಾಗಿ ಖಳನ ಕತ್ತು ತಿರುಗಬೇಕು, ಭುಜ ಕುಸಿಯಬೇಕು, ಕಾಲು ತಪ್ಪಬೇಕು. ಒಂದಿಷ್ಟು ಮುಂಚೆ ತಿರುಗಿದರೆ ಜನ ನಗುತ್ತಾರೆ, ತಡವಾದರೆ ನಿಜವಾಗಿಯೇ ಹಲ್ಲು ಮುರಿಯುತ್ತದೆ. ಸದ್ದು ಸೇರುವುದು ಆಮೇಲೆ, ಎಫೆಕ್ಟ್ಸ್ ಕೋಣೆಯಲ್ಲಿ. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ನಮ್ಮ ನಟರು ಇಲ್ಲಿಂದ ರೈಲು ಹತ್ತಿ ಹೋಗಿ, ಕಾಲ್‌ಶೀಟ್ ಇದ್ದಷ್ಟು ದಿನ ಅಲ್ಲಿದ್ದು, ಫೈಟ್ ಮಾಸ್ಟರ್ ಹೇಳಿಕೊಟ್ಟದ್ದನ್ನು ಬೆಳಿಗ್ಗೆ ಕಲಿತು ಸಂಜೆಯೊಳಗೆ ಕ್ಯಾಮೆರಾಕ್ಕೆ ಒಪ್ಪಿಸುತ್ತಿದ್ದರು. ಇವರಲ್ಲಿ ಎಷ್ಟು ಮಂದಿ ಬೆನ್ನುಮೂಳೆ ನೋವಿನೊಂದಿಗೆ, ಸರಿಯಾಗಿ ಕೂಡದ ಮಣಿಕಟ್ಟಿನೊಂದಿಗೆ ಮುಪ್ಪಿಗೆ ಕಾಲಿಟ್ಟರು ಎಂಬುದನ್ನು ಯಾರು ಬರೆದಿಟ್ಟಿದ್ದಾರೆ?

ಹೆಸರು ಉಳಿಸಿಕೊಂಡವರಲ್ಲೂ ಒಬ್ಬೊಬ್ಬರದ್ದು ಒಂದೊಂದು ದಾರಿ. ಎಂ.ಪಿ. ಶಂಕರ್ ಮೈಸೂರಿನ ಗರಡಿಯಿಂದ ಬಂದ ಪೈಲ್ವಾನರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ವೀರಬಾಹುವಾಗಿ ಮಸಣದಲ್ಲಿ ಕುಣಿದವರು, 1973ರಲ್ಲಿ ‘ಗಂಧದ ಗುಡಿ’ಯನ್ನು ನಿರ್ಮಿಸಿ ಕಾಡಿನ ಕಥೆಯನ್ನು ಕನ್ನಡದ ಮನೆಮನೆಗೆ ತಂದರು. ಶ್ರೀನಿವಾಸ್ ಅವರಿಗೆ 1966ರ ‘ತೂಗುದೀಪ’ ಚಿತ್ರವೇ ಹೆಸರಿನ ಮೊದಲ ಭಾಗವಾಯಿತು, ಕೊನೆಯವರೆಗೂ ಅವರು ತೂಗುದೀಪ ಶ್ರೀನಿವಾಸ್. ಐದು ದಶಕಗಳ ನಂತರ ‘ಕೆಜಿಎಫ್’ ಚಿತ್ರದ ಗರುಡ ಪಾತ್ರ ಮಾಡಿದ ರಾಮಚಂದ್ರ ರಾಜು ಅವರನ್ನೂ ಜನ ಗರುಡ ರಾಮ್ ಎಂದೇ ಕರೆಯುತ್ತಿದ್ದಾರೆ. ಪಾತ್ರವನ್ನು ಹೆಸರಿಗೆ ಅಂಟಿಸಿ ನೆನಪಿಡುವುದು ಪ್ರೇಕ್ಷಕರು ತಾವಾಗಿ ಮಾಡಿಕೊಂಡು ಬಂದ ದಾಖಲೆ. ಸರ್ಕಾರದ್ದು ಇನ್ನೂ ಬರಬೇಕಾಗಿದೆ.

ಟೈಗರ್ ಪ್ರಭಾಕರ್ ಅವರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಹೊಡೆದಾಟದ ದೃಶ್ಯಗಳ ಗುಂಪಿನಿಂದ ಮೇಲೆ ಬಂದು ಖಳನಾದರು, ಖಳನಿಂದ ನಾಯಕರಾದರು, ನಿರ್ದೇಶನಕ್ಕೂ ಕೈ ಹಾಕಿದರು. ಪಕ್ಕದ ರಾಜ್ಯಗಳ ಚಿತ್ರರಂಗ ಅವರನ್ನು ‘ಕನ್ನಡ ಪ್ರಭಾಕರ್’ ಎಂದು ಗುರುತಿಸಿತು. 1993ರ ಮಲಯಾಳಂ ಚಿತ್ರ ‘ಧ್ರುವಂ’ನಲ್ಲಿ ಮಮ್ಮೂಟ್ಟಿಯವರ ಎದುರು ಹೈದರ್ ಮರಕ್ಕಾರ್ ಆಗಿ ನಿಂತ ಅವರನ್ನು ಕೇರಳದವರು ಇವತ್ತಿಗೂ ಮರೆತಿಲ್ಲ. ನಮ್ಮ ಭಾಷೆಯ ಹೆಸರನ್ನೇ ತನ್ನ ಹೆಸರಿನ ಮುಂದೆ ಹೊತ್ತುಕೊಂಡು ಹಲವು ಭಾಷೆಗಳಲ್ಲಿ ದುಡಿದ ಈ ಕಲಾವಿದ 2001ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಜೊತೆಯಲ್ಲಿ ಬಿದ್ದು ಎದ್ದವರಲ್ಲಿ ಬದುಕಿರುವವರು ಈಗ ಮುದುಕರು.

ಸುಂದರಕೃಷ್ಣ ಅರಸ್, ಸುಧೀರ್, ಶಕ್ತಿಪ್ರಸಾದ್, ಆರ್.ಎನ್. ಸುದರ್ಶನ್ ಇವರೆಲ್ಲರ ಬಗ್ಗೆಯೂ ಹೀಗೆ ಬರೆಯಬಹುದು. ಇಲ್ಲಿ ಜಾಗವಿಲ್ಲ. ಸುದರ್ಶನ್ ಅವರ ತಂದೆ ಆರ್. ನಾಗೇಂದ್ರರಾಯರ ಒಂದು ವಿಷಯವನ್ನು ಮಾತ್ರ ಬಿಡಲಾಗದು. 1934ರಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಅವರು ರಾವಣ. ಅಂದರೆ ಕನ್ನಡ ಸಿನಿಮಾ ಮಾತು ಕಲಿತ ದಿನವೇ ಅಲ್ಲೊಬ್ಬ ರಾವಣನಿದ್ದ. ಆ ರಾವಣ ಹೇಗೆ ನಡೆದ, ಹೇಗೆ ಗರ್ಜಿಸಿದ ಎಂಬುದನ್ನು ನಾವು ಯಾರೂ ನೋಡುವ ಹಾಗಿಲ್ಲ. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ವಜ್ರಮುನಿಯವರ ರಂಗದ ರಾವಣನೂ ನೋಡಿದವರ ನೆನಪಿನಲ್ಲಷ್ಟೇ ಇದ್ದಾನೆ. ಎರಡು ಬಾರಿ ಕಳೆದುಕೊಂಡಿದ್ದೇವೆ. ಮೂರನೆಯ ಬಾರಿ ಕಳೆದುಕೊಂಡರೆ ಕಾಲದ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ.

ನಿಮ್ಮಲ್ಲಿ ಕೆಲವರು ಪ್ರಶಸ್ತಿಗಳನ್ನು ನೆನಪಿಸಬಹುದು. ರಾಜ್ಯ ಪ್ರಶಸ್ತಿಗಳಲ್ಲಿ ಪೋಷಕ ನಟರಿಗೆ ಕೆ.ಎಸ್. ಅಶ್ವತ್ಥ್ ಅವರ ಹೆಸರಿನ ಪ್ರಶಸ್ತಿ ಇದೆ, ಅದು ಹೆಮ್ಮೆಯ ವಿಷಯ. ರಾಷ್ಟ್ರ ಪ್ರಶಸ್ತಿಗಳಲ್ಲಿ 2016ರ ಸಾಲಿನಿಂದ ಸಾಹಸ ಸಂಯೋಜನೆಗೂ ಸ್ಥಾನ ಸಿಕ್ಕಿತು. 2018ರ ಸಾಲಿನಲ್ಲಿ ‘ಕೆಜಿಎಫ್’, ಅದರ ಮರುವರ್ಷ ‘ಅವನೇ ಶ್ರೀಮನ್ನಾರಾಯಣ’, 2022ರ ಸಾಲಿನಲ್ಲಿ ‘ಕೆಜಿಎಫ್’ ಎರಡನೆಯ ಭಾಗ ಅದನ್ನು ಗೆದ್ದವು. ಕನ್ನಡದ ಹೊಡೆದಾಟ ದೇಶದಲ್ಲೇ ಮೇಲು ಎಂದು ಮೂರು ಬಾರಿ ಮುದ್ರೆ ಬಿದ್ದಂತಾಯಿತು. ಆ ದೃಶ್ಯಗಳಲ್ಲಿ ಗೋಡೆಗೆ ಅಪ್ಪಳಿಸಿದವರು, ಮೆಟ್ಟಿಲಿನಿಂದ ಉರುಳಿದವರು ಯಾರು? ಪ್ರಶಸ್ತಿ ಒಂದು ಸಂಜೆಯ ಕೆಲಸ, ಒಬ್ಬರ ಕೈಗೆ ಹೋಗುತ್ತದೆ. ಹಾಗಾಗಿ ಖಳನಟನೆಗೆ ಇನ್ನೊಂದು ಪ್ರಶಸ್ತಿ ಸ್ಥಾಪಿಸಿ ಎಂದು ನಾನು ಕೇಳುತ್ತಿಲ್ಲ. ಎಲ್ಲರ ಹೆಸರೂ ಸೇರುವ ಪುಸ್ತಕ ಬೇಕು.

ಹೆಸರು ಇಲ್ಲದಿರುವುದು ಬರಿಯ ಗೌರವದ ಪ್ರಶ್ನೆಯೂ ಅಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಚಿತ್ರೀಕರಣ ನಡೆಯುತ್ತಿತ್ತು. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ನಾಯಕ ನಟ ಬದುಕಿ ಬಂದರು. ಖಳರ ಪಾತ್ರ ಮಾಡುತ್ತಿದ್ದ ಅನಿಲ್ ಮತ್ತು ಉದಯ್ ಮುಳುಗಿದರು. ಆ ಹುಡುಗರು ಕಟ್ಟಿದ ಮೈಯನ್ನೇ ಬಂಡವಾಳ ಮಾಡಿಕೊಂಡು ದೊಡ್ಡ ಪಾತ್ರಕ್ಕಾಗಿ ಕಾಯುತ್ತಿದ್ದವರು. ಅವರ ಪಾಲಿಗೆ ವಜ್ರಮುನಿಯವರದ್ದೋ ಪ್ರಭಾಕರ್ ಅವರದ್ದೋ ಆದಂಥ ದೀರ್ಘ ವೃತ್ತಿ ಸಾಧ್ಯವಿತ್ತು. 2021ರ ಆಗಸ್ಟ್‌ನಲ್ಲಿ ಬಿಡದಿಯ ಬಳಿ ಮತ್ತೊಂದು ಚಿತ್ರದ ಸಾಹಸ ದೃಶ್ಯದ ಚಿತ್ರೀಕರಣದಲ್ಲಿ ವಿದ್ಯುತ್ ತಗುಲಿ ಯುವ ಫೈಟರ್ ಒಬ್ಬರು ಪ್ರಾಣ ಬಿಟ್ಟರು. ಇಂಥ ಸುದ್ದಿ ಬಂದಾಗ ನಾಲ್ಕು ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಆಮೇಲೆ ಆ ಕೆಲಸದ ಸ್ವರೂಪವೇನು, ಹಿರಿಯರು ಯಾವ ಎಚ್ಚರಗಳನ್ನು ಪಾಲಿಸುತ್ತಿದ್ದರು, ಯಾವುದನ್ನು ಮಾಡಲು ಒಪ್ಪುತ್ತಿರಲಿಲ್ಲ ಎಂದು ಕೇಳಿ ಬರೆದಿಡುವವರಿಲ್ಲ. ಮೂವತ್ತು ವರ್ಷ ಬಿದ್ದು ಎದ್ದು ಬದುಕುಳಿದ ಒಬ್ಬ ಹಿರಿಯ ಫೈಟರ್ ಹೇಳುವ ಮಾತು ಹೊಸ ಹುಡುಗನ ಜೀವ ಉಳಿಸಬಹುದು.

ಇನ್ನೊಂದು ಲೌಕಿಕ ಕಾರಣವೂ ಇದೆ. ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ದುಡಿಮೆಗಾರರ ಕ್ಷೇಮಾಭಿವೃದ್ಧಿಗೆಂದು ನಮ್ಮ ವಿಧಾನಮಂಡಲ 2024ರ ಜುಲೈನಲ್ಲಿ ವಿಧೇಯಕವೊಂದನ್ನು ಅಂಗೀಕರಿಸಿತು. ಚಿತ್ರಮಂದಿರದ ಟಿಕೆಟ್ಟು, ಚಂದಾ ಮುಂತಾದವುಗಳ ಮೇಲೆ ಶೇ 1ರಿಂದ 2ರಷ್ಟು ಸೆಸ್ ಸಂಗ್ರಹಿಸಿ ನಿಧಿ ಕಟ್ಟುವ ಉದ್ದೇಶ ಅದರದು. ಒಳ್ಳೆಯ ಹೆಜ್ಜೆ. ಆದರೆ ಎಂಬತ್ತರ ದಶಕದಲ್ಲಿ ದಿನಕ್ಕಿಷ್ಟು ಬಟ್ಟಾ ಪಡೆದು ಹೊಡೆದಾಟದ ದೃಶ್ಯದಲ್ಲಿ ನಿಂತವರು, ಟೈಟಲ್ ಕಾರ್ಡಿನಲ್ಲಿ ಹೆಸರೇ ಇಲ್ಲದವರು, ತಾನೂ ಚಿತ್ರರಂಗದ ದುಡಿಮೆಗಾರ ಎಂದು ಯಾವ ಕಾಗದ ತೋರಿಸಬೇಕು? ಅಕಾಡೆಮಿ ಸಿದ್ಧಪಡಿಸುವ ಪಟ್ಟಿ ಅವರ ಕೈಯಲ್ಲಿ ಆಧಾರವಾಗುತ್ತದೆ. ಇದರ ಬಗ್ಗೆ ಕಾರ್ಮಿಕ ಇಲಾಖೆಯೊಂದಿಗೆ ನೀವೇ ಮಾತನಾಡಬೇಕೆಂದು ಕೋರುತ್ತೇನೆ.

ಕೆಲಸ ಹೇಗೆ ಆಗಬಹುದು ಎಂಬುದನ್ನೂ ಯೋಚಿಸಿದ್ದೇನೆ. ಚಿತ್ರಗಳ ಟೈಟಲ್ ಕಾರ್ಡುಗಳನ್ನು ಒಂದೊಂದಾಗಿ ನೋಡಿ ಬರೆದುಕೊಳ್ಳುವುದು ಮೊದಲನೆಯದು. ಪ್ರತಿ ಸಿಗದ ಚಿತ್ರಗಳಿಗೆ, ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳಿವೆ. ಅವುಗಳ ಒಳಪುಟದಲ್ಲಿ ಕಥಾಸಾರದ ಜೊತೆ ತಾರಾಗಣದ ಹೆಸರುಗಳು ಇರುತ್ತಿದ್ದವು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಇಂದಿಗೂ ಅವು ಕಣ್ಣಿಗೆ ಬೀಳುತ್ತವೆ, ತೂಕಕ್ಕೆ ಹೋಗುವ ಮೊದಲು ಕೊಂಡುಕೊಳ್ಳಬೇಕು. ಹಳೆಯ ದಿನಪತ್ರಿಕೆಗಳ ಜಾಹೀರಾತುಗಳು, ಸ್ಥಿರಚಿತ್ರ ತೆಗೆದವರ ಮನೆಯ ಅಟ್ಟದಲ್ಲಿರುವ ನೆಗೆಟಿವ್‌ಗಳು, ಸೆನ್ಸಾರ್ ಪ್ರಮಾಣಪತ್ರಗಳು ಇವೆಲ್ಲ ಒಂದಕ್ಕೊಂದು ಸಾಕ್ಷಿಯಾಗುತ್ತವೆ. ಸ್ಟಿಲ್ ಒಂದನ್ನು ಹಿರಿಯ ಫೈಟರ್ ಕೈಗೆ ಕೊಟ್ಟು ನೋಡಿ, ವಜ್ರಮುನಿಯವರ ಹಿಂದೆ ನಿಂತ ಆರು ಜನರಲ್ಲಿ ನಾಲ್ವರ ಹೆಸರನ್ನಾದರೂ ಅವರು ಹೇಳಿಯಾರು.

ಮುಖ್ಯವಾದ ಕೆಲಸ ಮಾತುಗಳ ಧ್ವನಿಮುದ್ರಣ. ದಯವಿಟ್ಟು ಇದನ್ನು ಸನ್ಮಾನ ಸಮಾರಂಭವನ್ನಾಗಿ ಮಾಡಬೇಡಿ. ಶಾಲು, ಪೇಟ, ಹಣ್ಣಿನ ಬುಟ್ಟಿ ಬಂದ ಕೂಡಲೇ ಆ ಹಿರಿಯರು ಸಂಕೋಚದಿಂದ ಎಲ್ಲರನ್ನೂ ಹೊಗಳಿ ಸುಮ್ಮನಾಗುತ್ತಾರೆ. ಅವರ ಮನೆಗೆ ಹೋಗಿ, ಎರಡು ಮೂರು ಬೆಳಿಗ್ಗೆ ಕೂತು, ಕಸುಬಿನ ಪ್ರಶ್ನೆಗಳನ್ನು ಕೇಳಿ. ಎತ್ತರದಿಂದ ಬೀಳುವಾಗ ಕೆಳಗೆ ಏನು ಹಾಸುತ್ತಿದ್ದರು, ಕುದುರೆಯಿಂದ ಉರುಳುವಾಗ ಕಾಲನ್ನು ರಿಕಾಪಿನಿಂದ ಬಿಡಿಸಿಕೊಳ್ಳುವುದು ಹೇಗೆ, ಯಾವ ನಾಯಕ ನಟ ಟೇಕ್ ಮುಗಿದ ಮೇಲೆ ಬಂದು ಪೆಟ್ಟಾಯಿತೇ ಎಂದು ಕೇಳುತ್ತಿದ್ದರು, ಮಳೆಯ ದೃಶ್ಯದಲ್ಲಿ ರಾತ್ರಿಯಿಡೀ ನೆನೆದ ದಿನ ಊಟ ಎಲ್ಲಿ, ಪೆಟ್ಟು ಬಿದ್ದು ಆಸ್ಪತ್ರೆ ಸೇರಿದಾಗ ದುಡ್ಡು ಕೊಟ್ಟವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ. ದೊಡ್ಡಣ್ಣನವರಂತೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯಿಂದ ಬಂದು ಖಳನೂ ಆಗಿ ಹಾಸ್ಯಕ್ಕೂ ಹೊರಳಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರ ಬಳಿ ಒಂದು ಇಡೀ ಕಾಲದ ವಿವರವಿದೆ. ಹೆಸರು ಕೇಳಿರದ ಫೈಟರುಗಳಿಂದಲೂ ಅಷ್ಟೇ ಸಿಗುತ್ತದೆ, ಅವರನ್ನು ಹುಡುಕಲು ಸಾಹಸ ಕಲಾವಿದರ ಸಂಘದವರ ನೆರವು ಪಡೆಯಿರಿ.

ಹೀಗೆ ಧ್ವನಿಮುದ್ರಿಸಿದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದು. ಬರಹರೂಪಕ್ಕೆ ಇಳಿಸಿ, ಯಾರು ಬೇಕಾದರೂ ಓದುವಂತೆ, ಕೇಳುವಂತೆ ಇಡಬೇಕು. ನೀವು ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಜಗತ್ತು ಸುತ್ತಿದ ಚಿತ್ರಗಳನ್ನು ನೋಡಲು ನಾವೆಲ್ಲ ಸಾಲುಗಟ್ಟಿ ನಿಲ್ಲುತ್ತೇವೆ. ಆ ಉತ್ಸವದ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬಹುದು. ಒಂದು ಹಳೆಯ ಹೊಡೆದಾಟದ ದೃಶ್ಯವನ್ನು ತೆರೆಗೆ ಬಿಟ್ಟು, ಅದರಲ್ಲಿ ಬಿದ್ದವರನ್ನೇ ಪಕ್ಕದಲ್ಲಿ ನಿಲ್ಲಿಸಿ, ಹೇಗೆ ಬಿದ್ದಿರಿ ಎಂದು ಕೇಳಿಸಿ. ಚಿತ್ರಕಲೆ ಕಲಿಯುವ ಹುಡುಗರಿಗೆ ಹಳೆಯ ಮನೆತನದ ಚಿತ್ತಾರ ತೋರಿಸಿದಷ್ಟೇ ಉಪಯೋಗ ಸಿನಿಮಾ ಕಲಿಯುವವರಿಗೆ ಅದರಿಂದ ಆಗುತ್ತದೆ.

ಮೈಸೂರು ಬಳಿ ಚಿತ್ರನಗರಿ ಕಟ್ಟುವ ಮಾತನ್ನು ಸರ್ಕಾರ ಆಡಿದೆ. ಕಟ್ಟಡಗಳಿಗೆ ಕೋಟಿಗಟ್ಟಲೆ ಹಣ ಬೇಕು, ವರ್ಷಗಳು ಬೇಕು. ನಾನು ಕೇಳುತ್ತಿರುವ ಕೆಲಸಕ್ಕೆ ಒಂದು ಕ್ಯಾಮೆರಾ, ಒಳ್ಳೆಯ ಮೈಕು, ಸಿನಿಮಾ ಬಲ್ಲ ನಾಲ್ಕು ಯುವಕ ಯುವತಿಯರು, ಅವರಿಗೆ ಗೌರವದ ಸಂಬಳ ಇದ್ದರೆ ಸಾಕು. ನನ್ನ ತಂದೆಯವರು ಕೂಡಿಟ್ಟ ಹಾಡಿನ ಪುಸ್ತಕಗಳು ಮನೆಯಲ್ಲಿವೆ, ಅವನ್ನು ಅಕಾಡೆಮಿಗೆ ಒಪ್ಪಿಸಲು ಸಿದ್ಧನಿದ್ದೇನೆ. ನನ್ನ ಹಾಗೆ ಕೊಡುವವರು ಈ ಊರಿನಲ್ಲಿ ಅನೇಕರಿದ್ದಾರೆ, ಕೇಳುವವರು ಬೇಕು.

ಎಪ್ಪತ್ತು ದಾಟಿದವರಿಂದ ಶುರು ಮಾಡಿ. ಮುಂದಿನ ಚಿತ್ರೋತ್ಸವದ ಒಳಗೆ ಮೊದಲ ಹತ್ತು ಮಂದಿಯ ಮಾತುಗಳಾದರೂ ಧ್ವನಿಮುದ್ರಣವಾಗಿರಲಿ. ಅಕಾಡೆಮಿಯ ಈ ವರ್ಷದ ಕ್ರಿಯಾಯೋಜನೆಯಲ್ಲಿ ಇದಕ್ಕೆಂದು ಒಂದು ಮೊತ್ತ ತೆಗೆದಿರಿಸುತ್ತೀರಾ, ಇಲ್ಲವಾ ಎಂಬುದನ್ನು ಈ ಪತ್ರದಂತೆಯೇ ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೇಕ್ಷಕ
ಹನುಮಂತನಗರ, ಬೆಂಗಳೂರು